ಆಕಾಶದಿಂದ ತೆಗೆದ ಚಿತ್ರಗಳಲ್ಲಿ ತೆಂಗು ಕಂಗುಗಳ ಗಣತಿ

ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲೂಕುಗಳ ಯಾವುದಾದರೊಂದು ಊರಿನಲ್ಲಿ ಎಷ್ಟು ತೆಂಗಿನ ಮರಗಳಿರುವುವು, ಎಷ್ಟು ಕಂಗುಗಳಿರುವುವು ಎಂದು ವಿಚಾರಿಸಿದರೆ ಕಾಗದದಲ್ಲಿ ಒಂದು ಸಂಖ್ಯೆಯು ದೊರೆಯುವುದು. ತೋಟದೊಳಗೆ ನಡೆದು ಎಣಿಸಿದರೆ ಇನ್ನೊಂದು ಸಂಖ್ಯೆಯು ದೊರೆಯುವುದು. ಗದ್ದೆಯ ವಿಸ್ತೀರ್ಣವು ತಲೆಮಾರು ಕಳೆದರೂ ಅಷ್ಟಾಗಿ ಬದಲಾಗದು. ಮರಗಳ ವಿಷಯವು ಹಾಗಲ್ಲ. ಗಾಳಿಗೆ ಕೆಲವು ಬೀಳುವುವು, ರೋಗದಿಂದ ಕೆಲವು ಸಾಯುವುವು, ಬಿದ್ದವುಗಳ ಸಂದಿನಲ್ಲಿ ಹೊಸ ಸಸಿಗಳು ಏಳುವುವು. ಹಿಂದೆ ಪಟೇಲರೂ ಶಾನುಭೋಗರೂ ತೋಟದಿಂದ ತೋಟಕ್ಕೆ ತಿರುಗಿ ಲೆಕ್ಕವನ್ನು ಬರೆದಿಡುತ್ತಿದ್ದರು. 1961ನೆಯ ಇಸವಿಯ ಕಾನೂನಿನಿಂದ ಆ ಹುದ್ದೆಗಳು ರದ್ದಾದ ಮೇಲೆ ಈ ಭಾರವು ಸರ್ಕಾರದ ಸಂಬಳದ ನೌಕರರ ಮೇಲೆ ಬಿದ್ದಿತು. ಅವರಿಗಾದರೋ ಊರುಗಳು ಹೆಚ್ಚು, ದಿನಗಳು ಕಡಿಮೆ.

ಹೀಗಿರಲಾಗಿ, ಡ್ರೋನೆಂಬ ಮನುಷ್ಯನಿಲ್ಲದ ಸಣ್ಣ ವಿಮಾನದಿಂದ ಊರಿನ ಚಿತ್ರಗಳನ್ನು ತೆಗೆದು, ಅವುಗಳಲ್ಲಿ ಮರ, ಮನೆ, ದೋಣಿ, ದಾರಿ ಮುಂತಾದವುಗಳನ್ನು ಗಣಕಯಂತ್ರವೇ ಗುರುತಿಸಿ ಎಣಿಸುವ ವಿಧಾನವು ಲೋಕದ ಹಲವು ಕಡೆಗಳಲ್ಲಿ ಬಳಕೆಗೆ ಬಂದಿರುವುದು. ಇಂಥ ಗಣತಿಯು ತಮ್ಮ ಊರಿಗೆ ಬಂದಾಗ ಗ್ರಾಮದ ಮುಖಂಡರೂ ಭೂಮಾಲಿಕರೂ ಅದನ್ನು ಕಣ್ಣು ಮುಚ್ಚಿ ನಂಬುವುದೂ ಸರಿಯಲ್ಲ. ತಮಗೆ ತಿಳಿಯದ ವಿದ್ಯೆಯೆಂದು ತಳ್ಳಿಬಿಡುವುದೂ ಸರಿಯಲ್ಲ. ಯಂತ್ರವು ಹೇಗೆ ಎಣಿಸುವುದು, ಎಲ್ಲಿ ತಪ್ಪುವುದು ಎಂಬುದನ್ನು ಅರಿತವರೇ ಅದರ ಲೆಕ್ಕವನ್ನು ತಿದ್ದಿಸಬಲ್ಲರು.

ಲೆಕ್ಕವು ತಪ್ಪಿದರೆ ಆಗುವ ನಷ್ಟವು ಅಲ್ಪವಲ್ಲ. ರಾಷ್ಟ್ರೀಯ ಹೆದ್ದಾರಿಯ ಅಗಲೀಕರಣದಂಥ ಕಾಮಗಾರಿಗೆ ನೆಲವು ಹೋದಾಗ ನೆಲದ ಬೆಲೆಯಲ್ಲದೆ ಅದರ ಮೇಲಿನ ಮರಗಳ ಬೆಲೆಯನ್ನೂ ಕಟ್ಟುವರು. ಪಟ್ಟಿಯಲ್ಲಿ ಇಲ್ಲದ ಮರಕ್ಕೆ ಬೆಲೆಯಿಲ್ಲ. 2020ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ಉಡುಪಿ ಜಿಲ್ಲೆಯಲ್ಲಿ ಒಂದೇ ರಾತ್ರಿಯಲ್ಲಿ ನೆರೆಯೇರಿ ಗದ್ದೆಗಳು ಮುಳುಗಿದುವು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತವು ಕರಾವಳಿಯ ಅಂಚನ್ನು ಬಡಿಯಿತು. ಇಂಥ ಸಮಯದಲ್ಲಿ ಹಾನಿಯ ಪಟ್ಟಿಯು ಬೇಗನೆ ಸಿದ್ಧವಾಗಬೇಕು. ಬಿದ್ದ ಮರವನ್ನು ಕಡಿದು ಸಾಗಿಸಿದ ಮೇಲೆ, ನಿಂತ ನೀರು ಇಳಿದ ಮೇಲೆ, ಸಾಕ್ಷಿಯು ಉಳಿಯುವುದಿಲ್ಲ.

ಮೇಲಿನಿಂದ ನೋಡಿ ತೋಟದ ಸ್ಥಿತಿಯನ್ನು ತಿಳಿಯುವ ಪ್ರಯತ್ನವು ನಮ್ಮ ದೇಶದಲ್ಲಿ ತೆಂಗಿನಿಂದಲೇ ಮೊದಲಾಯಿತೆಂಬುದು ಕರಾವಳಿಯವರು ನೆನೆಯತಕ್ಕ ಸಂಗತಿ. 1970ರ ಸುಮಾರಿಗೆ ಪಿ. ಆರ್. ಪಿಶಾರೋಟಿಯವರ ನೇತೃತ್ವದಲ್ಲಿ ಕೇರಳದ ಕಾಯಂಕುಳದ ಕಡೆಯ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರನ್ನು ಹಾರಿಸಿ, ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಹಿಡಿಯುವ ಫಿಲ್ಮಿನಿಂದ ಚಿತ್ರಗಳನ್ನು ತೆಗೆದರು. ಆರೋಗ್ಯವಾದ ಗರಿಯು ಆ ಬೆಳಕನ್ನು ಬಹಳವಾಗಿ ಹಿಂದಕ್ಕೆ ಎಸೆಯುವುದು, ಸೊರಗಿದ ಗರಿಯು ಕಡಿಮೆಯಾಗಿ ಎಸೆಯುವುದು. ಆದಕಾರಣ ಬೇರು ಸೊರಗು ರೋಗ ಹಿಡಿದ ಮರಗಳು ಚಿತ್ರದಲ್ಲಿ ಬೇರೆಯಾಗಿ ಕಾಣಿಸಿಕೊಂಡುವು. ಆಗ ಆ ಚಿತ್ರಗಳನ್ನು ಪರೀಕ್ಷಿಸಿದ್ದು ಮನುಷ್ಯರ ಕಣ್ಣುಗಳೇ. ಈಗ ಒಂದು ಬೆಳಗಿನಲ್ಲಿ ಹಾರುವ ಡ್ರೋನು ತರುವ ಚಿತ್ರಗಳ ರಾಶಿಯನ್ನು ನೋಡಿ ಮುಗಿಸಲು ಎಷ್ಟು ಜನರ ಕಣ್ಣುಗಳಾದರೂ ಸಾಲವು.

ಆ ರಾಶಿಯು ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಚಿತ್ರವೆಂಬುದು ಸಣ್ಣ ಸಣ್ಣ ಬಿಂದುಗಳ ಸಾಲು. ಒಂದು ಬಿಂದುವು ನೆಲದ ಮೇಲಿನ 5 ಸೆಂಟಿಮೀಟರ್ ಚೌಕಕ್ಕೆ ಸಮವಾಗಿದ್ದರೆ, ಒಂದು ಚದರ ಮೀಟರಿಗೆ 400 ಬಿಂದುಗಳಾಗುವುವು, ಒಂದು ಎಕರೆಗೆ 16 ಲಕ್ಷ ಬಿಂದುಗಳಾಗುವುವು. 1,000 ಎಕರೆಯ ಒಂದು ಊರಿಗೆ 162 ಕೋಟಿ. ಪ್ರತಿ ಬಿಂದುವಿಗೂ ಕೆಂಪು, ಹಸುರು, ನೀಲಿ ಎಂದು ಮೂರು ಅಂಕಿಗಳಿರುವುದರಿಂದ ಅಂಕಿಗಳ ಸಂಖ್ಯೆಯು 486 ಕೋಟಿಯಾಗುವುದು. ಇಷ್ಟು ದೊಡ್ಡ ಚಿತ್ರವನ್ನು ಯಂತ್ರವು ಇಡಿಯಾಗಿ ನುಂಗಲಾರದು. ಆದುದರಿಂದ ಅದನ್ನು 512 ಬಿಂದು ಉದ್ದ, 512 ಬಿಂದು ಅಗಲದಂಥ ತುಂಡುಗಳಾಗಿ ಕತ್ತರಿಸುವರು. ಅಂಥ ಒಂದು ತುಂಡು ನೆಲದಲ್ಲಿ ಸುಮಾರು 16 ಸೆಂಟ್ಸು ಸ್ಥಳಕ್ಕೆ ಸಮ.

ಯಂತ್ರವು ನೋಡುವ ಬಗೆ

ಯಂತ್ರಕ್ಕೆ ತೆಂಗಿನ ಮರವೆಂದರೇನೆಂದು ಮಾತಿನಲ್ಲಿ ಹೇಳಿಕೊಡುವ ಕ್ರಮವು ಈಗಿಲ್ಲ. ಮನುಷ್ಯರು ಸಾವಿರಾರು ಚಿತ್ರಗಳಲ್ಲಿ ತೆಂಗಿನ ತಲೆಗಳ ಸುತ್ತ ಚೌಕವನ್ನು ಎಳೆದು ಕೊಡುವರು. ಯಂತ್ರವು ಮೂರು ಬಿಂದು ಉದ್ದ ಮೂರು ಬಿಂದು ಅಗಲದ ಸಣ್ಣ ಜರಡಿಯೊಂದನ್ನು ಚಿತ್ರದ ಮೇಲೆ ಉದ್ದಕ್ಕೂ ಸರಿಸುತ್ತ, ಜರಡಿಯ ಒಂಬತ್ತು ಅಂಕಿಗಳಿಂದ ಬಿಂದುಗಳ ಅಂಕಿಗಳನ್ನು ಗುಣಿಸಿ ಕೂಡಿಸುವುದು. ಇಂಥ ಒಂದು ಜರಡಿಗೆ ಗೆರೆಯು ಸಿಕ್ಕುವುದು, ಇನ್ನೊಂದಕ್ಕೆ ನೆರಳಿನ ಅಂಚು ಸಿಕ್ಕುವುದು. ಮೊದಲ ಹಂತದ ಫಲಿತಾಂಶದ ಮೇಲೆ ಎರಡನೆಯ ಹಂತದ ಜರಡಿಗಳು, ಅದರ ಮೇಲೆ ಮೂರನೆಯವು. ಹೀಗೆ ಮೇಲೇರಿದಂತೆ ಗೆರೆಗಳು ಗರಿಗಳಾಗುವುವು, ಗರಿಗಳು ಸೇರಿ ನಕ್ಷತ್ರದಾಕಾರದ ತಲೆಯಾಗುವುದು. ಉತ್ತರವು ತಪ್ಪಾದಾಗಲೆಲ್ಲ ಜರಡಿಯ ಅಂಕಿಗಳನ್ನು ಸ್ವಲ್ಪ ಸ್ವಲ್ಪವಾಗಿ ತಿದ್ದುತ್ತ ಹೋಗುವುದೇ ಯಂತ್ರದ ಅಭ್ಯಾಸ.

ಇದರಲ್ಲಿ ಜಾಣತನಕ್ಕಿಂತ ದುಡಿಮೆಯೇ ಹೆಚ್ಚು. ಒಂದು ತುಂಡಿನ ಮೇಲೆ 64 ಜರಡಿಗಳ ಮೊದಲನೆಯ ಹಂತವೊಂದನ್ನೇ ಮುಗಿಸಲು ಸುಮಾರು 45 ಕೋಟಿ ಗುಣಾಕಾರಗಳು ಬೇಕಾಗುವುವು. ಹಂತಗಳಾದರೋ ಹತ್ತಾರು.

ಗುರುತಿಸುವ ಕ್ರಮದಲ್ಲಿಯೂ ಬೇರೆ ಬೇರೆ ಪದ್ಧತಿಗಳುಂಟು. 2014ನೆಯ ಇಸವಿಯಲ್ಲಿ ಪ್ರಕಟವಾದ ಒಂದು ಪದ್ಧತಿಯಲ್ಲಿ ವಸ್ತುವಿರಬಹುದಾದ ಸುಮಾರು 2,000 ಸ್ಥಳಗಳನ್ನು ಮೊದಲು ಆರಿಸಿ, ಒಂದೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸುತ್ತಿದ್ದರು. ಹಂತಗಳು ಹೆಚ್ಚಾಗಿರುವ ಜರಡಿಮಾಲೆಯನ್ನು ಬಳಸಿದರೆ ಒಂದೇ ಚಿತ್ರಕ್ಕೆ 47 ಸೆಕೆಂಡುಗಳು ಹಿಡಿಯುತ್ತಿದ್ದುವು. 2016ರಲ್ಲಿ ಜೋಸೆಫ್ ರೆಡ್ಮನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಯೋಲೋ ಎಂಬ ಪದ್ಧತಿಯಲ್ಲಿ ಚಿತ್ರವನ್ನು ಏಳು ಸಾಲು ಏಳು ಕಂಬದ ಮನೆಗಳಾಗಿ ವಿಭಾಗಿಸಿ, ಎಲ್ಲ ಮನೆಗಳ ಉತ್ತರವನ್ನೂ ಒಂದೇ ನೋಟದಲ್ಲಿ ಪಡೆಯಲಾಯಿತು. ಸೆಕೆಂಡಿಗೆ 45 ಚಿತ್ರಗಳ ವೇಗವು ಸಿಕ್ಕಿತು. ಸಣ್ಣ ವಸ್ತುಗಳು ಒತ್ತಾಗಿ ನಿಂತಲ್ಲಿ ಮಾತ್ರ ಈ ಮೊದಲಿನ ಯೋಲೋ ಎಡವುತ್ತಿತ್ತು. ಮುಂದಿನ ಆವೃತ್ತಿಗಳು ಈ ದೋಷವನ್ನು ಕಡಿಮೆ ಮಾಡಿರುವುವು, ಪೂರ್ತಿಯಾಗಿ ಕಳೆದಿಲ್ಲ.

ಆಕಾಶದ ಚಿತ್ರಕ್ಕೆ ಇನ್ನೊಂದು ವಿಶೇಷವುಂಟು. ನೆಲದಲ್ಲಿ ನಿಂತು ತೆಗೆದ ಚಿತ್ರದಲ್ಲಿ ಮರದ ತಲೆಯು ಮೇಲೆ, ಬುಡವು ಕೆಳಗೆ. ಆಕಾಶದ ಚಿತ್ರದಲ್ಲಿ ಯಾವ ದಿಕ್ಕೂ ಮೇಲಲ್ಲ. ಗಂಗೊಳ್ಳಿಯ ಬಂದರಿನಲ್ಲಿ ಒಂದರ ಮಗ್ಗುಲಿಗೊಂದು ಓರೆಯಾಗಿ ನಿಂತ ದೋಣಿಗಳನ್ನು ನೆಟ್ಟಗಿನ ಚೌಕದಲ್ಲಿ ಹಿಡಿಯಹೋದರೆ ಒಂದೇ ಚೌಕದೊಳಗೆ ಮೂರು ದೋಣಿಗಳು ಸೇರಿಬಿಡುವುವು. ಆದುದರಿಂದ ಓರೆಯಾದ ಚೌಕಗಳನ್ನು ಬಳಸುವ ಪದ್ಧತಿಯು ಹುಟ್ಟಿತು. 2018ರಲ್ಲಿ ಪ್ರಕಟವಾದ ಡೋಟಾ ಎಂಬ ಚಿತ್ರಸಂಗ್ರಹದಲ್ಲಿ 2,806 ವೈಮಾನಿಕ ಚಿತ್ರಗಳಲ್ಲಿ 1,88,282 ವಸ್ತುಗಳನ್ನು ಹೀಗೆ ಓರೆಯಾಗಿಯೇ ಗುರುತಿಸಿಟ್ಟಿರುವರು. ತೆಂಗಿನ ತಲೆಯು ಎಲ್ಲ ಕಡೆಯಿಂದಲೂ ಗುಂಡಗಿರುವುದು ತೋಟಗಾರರ ಪುಣ್ಯವೆನ್ನಬೇಕು.

ಸಾಲು ಕಟ್ಟಿ ನೆಡುವವರಂತೆ

ಇಷ್ಟೊಂದು ಗುಣಾಕಾರವನ್ನು ಒಬ್ಬನೇ ಮಾಡಹೊರಟರೆ ಮಳೆಗಾಲವೇ ಕಳೆದುಹೋದೀತು. ಕಾರ್ತಿ ಬೆಳೆಯ ನಾಟಿಯನ್ನು ಕಂಡವರಿಗೆ ಇದರ ಉಪಾಯವನ್ನು ವಿವರಿಸಬೇಕಾದುದಿಲ್ಲ. ದೊಡ್ಡ ಗದ್ದೆಗೆ ಒಬ್ಬ ಬಲಶಾಲಿಯನ್ನು ಇಳಿಸುವವರು ಯಾರೂ ಇಲ್ಲ. ಇಪ್ಪತ್ತು ಮಂದಿ ಹೆಂಗಸರು ಸಾಲಾಗಿ ನಿಂತು, ತಮ್ಮ ತಮ್ಮ ಪಟ್ಟಿಯಲ್ಲಿ ಅಗೆಯನ್ನು ನೆಡುತ್ತ ಹಿಂದಕ್ಕೆ ಸರಿಯುವರು. ಒಬ್ಬಳ ಕೆಲಸವು ಇನ್ನೊಬ್ಬಳ ಕೆಲಸಕ್ಕೆ ಕಾಯುವುದಿಲ್ಲ. ಚಿತ್ರದ ಒಂದು ಬಿಂದುವಿನ ಗುಣಾಕಾರವೂ ಪಕ್ಕದ ಬಿಂದುವಿನ ಗುಣಾಕಾರದ ಉತ್ತರಕ್ಕಾಗಿ ಕಾಯಬೇಕಾದುದಿಲ್ಲ. ಹೀಗೆ ಏಕಕಾಲದಲ್ಲಿ ಅನೇಕ ಗಣಕಗಳು ಕೆಲಸವನ್ನು ಹಂಚಿಕೊಂಡು ಮಾಡುವುದಕ್ಕೆ ಸಮಾಂತರ ಗಣನೆಯೆಂದು ಹೆಸರು.

ಈ ವಿಚಾರವು ಹೊಸದಲ್ಲ. 1970ರ ದಶಕದಲ್ಲಿ ಅಮೇರಿಕದ ಇಲಿಯಾಕ್ ನಾಲ್ಕು ಎಂಬ ಯಂತ್ರದಲ್ಲಿ 64 ಗಣಕಗಳು ಒಂದೇ ಅಪ್ಪಣೆಯ ಮೇರೆಗೆ ದುಡಿಯುತ್ತಿದ್ದುವು. ಉಪಗ್ರಹದ ಚಿತ್ರಗಳಲ್ಲಿ ಬೆಳೆಗಳನ್ನು ವಿಂಗಡಿಸಲು ಅದನ್ನು ಬಳಸಿದರು. 1983ರಲ್ಲಿ ಗುಡ್‌ಇಯರ್ ಕಂಪೆನಿಯ ವಿಮಾನ ವಿಭಾಗದವರು ಉಪಗ್ರಹ ಚಿತ್ರಗಳಿಗಾಗಿಯೇ ನಿರ್ಮಿಸಿ ಅಲ್ಲಿಯ ಅಂತರಿಕ್ಷ ಸಂಸ್ಥೆಗೆ ಒಪ್ಪಿಸಿದ ಯಂತ್ರದಲ್ಲಿ 16,384 ಪುಟ್ಟ ಗಣಕಗಳನ್ನು 128 ಸಾಲು 128 ಕಂಬಗಳಾಗಿ ಗದ್ದೆಯ ನಾಟಿಯಂತೆಯೇ ಜೋಡಿಸಿದ್ದರು. ನಮ್ಮ ದೇಶದಲ್ಲಿ ಮೊದಲ ಸಮಾಂತರ ಗಣಕಯಂತ್ರವು ಹುಟ್ಟಿದ್ದು ಬೆಂಗಳೂರಿನಲ್ಲಿ. 1986ರಲ್ಲಿ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯಲ್ಲಿ ಕಟ್ಟಿದ ಫ್ಲೊಸಾಲ್ವರ್ ಅದರ ಹೆಸರು. ಗಾಳಿಯ ಹರಿವಿನ ಲೆಕ್ಕಕ್ಕೆಂದು ಹುಟ್ಟಿ, ಹವೆಯ ಮುನ್ಸೂಚನೆಗೂ ಉಪಯೋಗಕ್ಕೆ ಬಂದಿತು. 1991ರಲ್ಲಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯವರು ಪರಮ್ 8000 ಎಂಬುದನ್ನು ಕಟ್ಟಿದರು. ಅದೇ ಸಂತತಿಯ ಪರಮ್ ಪ್ರವೇಗವು 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಥಾಪಿತವಾಯಿತು.

ಆದರೂ ಚಿತ್ರಗಳ ಗಣತಿಯು ಜಿಲ್ಲೆಯ ಕಚೇರಿಯೊಂದರ ಮೇಜಿನ ಮೇಲೆಯೇ ಸಾಧ್ಯವಾಗುವಂತಾದುದು ಈ ಮಹಾಯಂತ್ರಗಳಿಂದಲ್ಲ, ಮಕ್ಕಳ ಆಟಗಳಿಂದ. ಗಣಕಯಂತ್ರದ ಪರದೆಯ ಮೇಲೆ ಆಟದ ಬೊಂಬೆಗಳನ್ನು ವೇಗವಾಗಿ ಚಿತ್ರಿಸಲು ಜಿ. ಪಿ. ಯು. ಎಂಬ ಫಲಕವನ್ನು ತಯಾರಿಸುತ್ತಿದ್ದರು. ಸಾಮಾನ್ಯ ಗಣಕಯಂತ್ರದ ಮಿದುಳಿನಲ್ಲಿ ಚುರುಕಾದ ಕೆಲವೇ ಕೆಲಸಗಾರರು, ಜಿ. ಪಿ. ಯು.ವಿನಲ್ಲಿ ಮಂದಗತಿಯ ಸಾವಿರಾರು ಕೆಲಸಗಾರರು. 2007ರ ಹೊತ್ತಿಗೆ ಎನ್‌ವಿಡಿಯಾ ಕಂಪೆನಿಯವರು ಆಟವಲ್ಲದ ಲೆಕ್ಕಗಳಿಗೂ ಅವುಗಳನ್ನು ದುಡಿಸುವ ಸೌಕರ್ಯವನ್ನು ತೆರೆದುಕೊಟ್ಟರು. 2012ರಲ್ಲಿ ಟೊರಾಂಟೋ ನಗರದ ಮೂವರು ವಿದ್ವಾಂಸರು ಅಂಥ ಎರಡೇ ಫಲಕಗಳನ್ನಿಟ್ಟುಕೊಂಡು, 12 ಲಕ್ಷ ಚಿತ್ರಗಳನ್ನು ಒಂದು ವಾರದೊಳಗೆ ಅಭ್ಯಾಸ ಮಾಡಿಸಿ, ಚಿತ್ರಗಳನ್ನು ಗುರುತಿಸುವ ಸ್ಪರ್ಧೆಯಲ್ಲಿ ಉಳಿದೆಲ್ಲರನ್ನೂ ಬಹು ದೂರ ಹಿಂದೆ ಹಾಕಿದರು. ಅಂದಿನಿಂದ ಈ ವಿದ್ಯೆಯ ದಾರಿಯೇ ಬದಲಾಯಿತು. ಈಗ ಅಂಗೈಯಗಲದ ಫಲಕಗಳೂ ದೊರೆಯುವುದರಿಂದ, ಘಟ್ಟದ ಬುಡದಲ್ಲಿ ಜಾಲಸಂಪರ್ಕವು ದುರ್ಬಲವಾಗಿರುವ ಊರುಗಳಲ್ಲಿಯೂ ಲೆಕ್ಕವನ್ನು ಸ್ಥಳದಲ್ಲೇ ಮಾಡುವುದಕ್ಕೆ ಅಡ್ಡಿಯಿಲ್ಲ.

ಕೆಲಸಗಾರರು ಹೆಚ್ಚಿದಷ್ಟೂ ಕೆಲಸವು ಬೇಗ ಮುಗಿಯುವುದೆಂಬ ಮಾತು ಅರ್ಧ ಸತ್ಯ. ನೆಡುವವರು ಇಪ್ಪತ್ತು ಮಂದಿ ಇದ್ದರೂ ಅಗೆಯ ಕಟ್ಟುಗಳನ್ನು ಹೊತ್ತು ತರುವವನು ಒಬ್ಬನೇ ಆದರೆ ಅವರು ಕೆಸರಿನಲ್ಲಿ ಕೈಕಟ್ಟಿ ನಿಲ್ಲಬೇಕಾಗುವುದು. ಯಂತ್ರದಲ್ಲಿಯೂ ಬಹು ಸಾರಿ ಆಗುವುದು ಇದೇ. ಗುಣಾಕಾರಕ್ಕೆ ಹಿಡಿಯುವ ಹೊತ್ತಿಗಿಂತ ನೆನಪಿನ ಉಗ್ರಾಣದಿಂದ ಅಂಕಿಗಳನ್ನು ತರುವುದಕ್ಕೆ ಹಿಡಿಯುವ ಹೊತ್ತೇ ಹೆಚ್ಚಾಗುವುದು. ಇದಕ್ಕೆ ಎರಡು ಉಪಾಯಗಳನ್ನು ಮಾಡುವರು. ಒಮ್ಮೆ ತಂದ ತುಂಡನ್ನು ಕೆಲಸಗಾರರ ಕೈಗೆಟಕುವ ಸಣ್ಣ ಉಗ್ರಾಣದಲ್ಲಿಟ್ಟುಕೊಂಡು ಎಲ್ಲ ಜರಡಿಗಳನ್ನೂ ಹಾಯಿಸಿಬಿಡುವುದು ಒಂದು. ಅಂಕಿಗಳನ್ನು ಸೂಕ್ಷ್ಮವಾಗಿ ಬರೆಯದೆ ಮೊಟಕಾಗಿ ಬರೆದು ಹೊರೆಯನ್ನು ಇಳಿಸುವುದು ಇನ್ನೊಂದು. ಮುಡಿಯ ಲೆಕ್ಕವೇ ಸಾಕಾಗುವಲ್ಲಿ ಪಾವನ್ನು ಹಿಡಿದು ಅಳೆಯುವುದೇಕೆ?

ಇದಲ್ಲದೆ ಹಂಚಲಾಗದ ಕೆಲಸವೂ ಇರುವುದು. ಗದ್ದೆಯನ್ನು ಹೂಡಿ ಹದಮಾಡುವ ತನಕ ನೆಡುವವರು ಬಂದು ಪ್ರಯೋಜನವಿಲ್ಲ. ಹತ್ತು ಗಂಟೆಯ ಕೆಲಸದಲ್ಲಿ ಒಂದು ಗಂಟೆಯದು ಹಂಚಲು ಬಾರದ್ದಾಗಿದ್ದರೆ, ಸಾವಿರ ಜನರನ್ನು ಹಾಕಿದರೂ ಒಂದು ಗಂಟೆಯೊಳಗೆ ಮುಗಿಯದು. ಜೀನ್ ಆಮ್ಡಾಲ್ ಎಂಬವರು 1967ರಲ್ಲಿ ತೋರಿಸಿಕೊಟ್ಟ ನಿಯಮವಿದು. ಡ್ರೋನಿನ ಚಿತ್ರಗಳನ್ನು ಯಂತ್ರಕ್ಕೆ ಇಳಿಸುವುದು, ಕೊನೆಯಲ್ಲಿ ತುಂಡುಗಳ ಉತ್ತರಗಳನ್ನು ಸರ್ವೆ ನಂಬರುವಾರಾಗಿ ಒಂದುಗೂಡಿಸುವುದು, ಇವು ಬೇಗ ಸಾಗದ ಕೆಲಸಗಳು. ಫಲಕಗಳಿಗೆ ಹಣವನ್ನು ಸುರಿಯುವ ಮೊದಲು ಇವುಗಳನ್ನು ವಿಚಾರಿಸತಕ್ಕದ್ದು.

ತುಂಡಿನ ಅಂಚಿನಲ್ಲಿ ನಿಂತ ಮರ

ಎರಡು ವರ್ಗಗಳ ಗಡಿಯಲ್ಲಿ ನಿಂತ ಮಾವಿನ ಮರವನ್ನು ಇಬ್ಬರೂ ತಮ್ಮದೆನ್ನುವರು. ಸತ್ತ ಮೇಲೆ ಕಡಿಸುವ ಖರ್ಚಿಗೆ ಇಬ್ಬರೂ ತಮ್ಮದಲ್ಲವೆನ್ನುವರು. ಯಂತ್ರದ ಲೆಕ್ಕದಲ್ಲಿಯೂ ಗಡಿಯ ಮರಗಳೇ ತಂಟೆಯ ಮೂಲ. ಚಿತ್ರವನ್ನು ತುಂಡು ಮಾಡಿದಾಗ ಕತ್ತರಿಯು ಒಂದು ತೆಂಗಿನ ತಲೆಯ ನಡುವೆಯೇ ಹಾಯ್ದರೆ, ಎರಡು ತುಂಡುಗಳಲ್ಲಿಯೂ ಅರ್ಧರ್ಧವು ಬಿದ್ದು ಎರಡು ಮರಗಳಾಗಬಹುದು, ಇಲ್ಲವೇ ಎರಡು ಕಡೆಯೂ ಗುರುತು ಸಿಕ್ಕದೆ ಮರವೇ ಇಲ್ಲವಾಗಬಹುದು. ಆದುದರಿಂದ ತುಂಡುಗಳನ್ನು ಒಂದರ ಮೇಲೊಂದು ಸ್ವಲ್ಪ ಹಾಯುವಂತೆ ಕತ್ತರಿಸುವರು. ಎಷ್ಟು ಹಾಯಬೇಕೆಂಬುದನ್ನು ಮರವೇ ಹೇಳುವುದು. ತೆಂಗಿನ ತಲೆಯ ಅಗಲವು 8 ಮೀಟರಾದರೆ ಹಾಯುವ ಪಟ್ಟಿಯೂ 8 ಮೀಟರಿಗೆ ಕಡಿಮೆಯಿರಕೂಡದು. ಹೀಗೆ ಮಾಡಿದಾಗ 1,000 ಎಕರೆಯ ಊರಿಗೆ 6,200ರಷ್ಟಿದ್ದ ತುಂಡುಗಳು ಸುಮಾರು 13,000ಕ್ಕೆ ಏರುವುವು. ಕೆಲಸವು ಇಮ್ಮಡಿಗಿಂತ ಹೆಚ್ಚಾಯಿತು. ಒಂದು ತುಂಡಿಗೆ ಒಂದು ಸೆಕೆಂಡೆಂದು ಇಟ್ಟುಕೊಂಡರೆ ಇಂಥ ನೂರು ಊರುಗಳಿಗೆ ಹಗಲಿರುಳು ಸೇರಿ 15 ದಿನಗಳು ಬೇಕು; ನೂರು ತುಂಡುಗಳನ್ನು ಒಟ್ಟಿಗೆ ನೋಡುವ ಯಂತ್ರವಾದರೆ ನಾಲ್ಕು ಗಂಟೆಗಳೊಳಗೆ ಮುಗಿಯುವುದು. ನೆರೆಯ ಮಾರನೆಯ ದಿನ ಈ ವ್ಯತ್ಯಾಸಕ್ಕೆ ಬೆಲೆಯುಂಟು. ಮರವಂತೆಯಂಥಲ್ಲಿ, ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕೆ ಇರುವುದರಿಂದ, ಬರೀ ನೀರಿನ ತುಂಡುಗಳನ್ನು ಮೊದಲೇ ಬೇರ್ಪಡಿಸಿದರೆ ಶ್ರಮವು ಇನ್ನಷ್ಟು ಉಳಿಯುವುದು.

ಹಾಯುವ ಪಟ್ಟಿಯಲ್ಲಿ ನಿಂತ ಮರವು ಎರಡು ಸಾರಿ ಎಣಿಕೆಗೆ ಬರುವುದಷ್ಟೆ? ಅದನ್ನು ಕಳೆಯಲು, ಒಂದರ ಮೇಲೊಂದು ಕುಳಿತ ಚೌಕಗಳಲ್ಲಿ ಹೆಚ್ಚು ಖಚಿತವಾದುದನ್ನು ಇರಿಸಿ ಉಳಿದುದನ್ನು ಅಳಿಸುವರು. ಎರಡು ಚೌಕಗಳು ಸೇರಿ ಆಕ್ರಮಿಸಿದ ಸ್ಥಳದಲ್ಲಿ ಎಷ್ಟು ಪಾಲು ಇಬ್ಬರಿಗೂ ಸಮಾನವಾಗಿರುವುದೆಂಬುದೇ ಇಲ್ಲಿಯ ಅಳತೆ. ಈ ಅಳತೆಯ ಮಿತಿಯನ್ನು ನಿಶ್ಚಯಿಸುವವನ ಕೈಯಲ್ಲಿ ಕಂಗಿನ ತೋಟದ ಲೆಕ್ಕವೆಲ್ಲ ಇರುವುದು. ಒಂಬತ್ತಡಿ ಅಂತರದಲ್ಲಿ ನೆಟ್ಟ ಹೊಸ ತೋಟದಲ್ಲಿ ತೊಂದರೆಯು ಕಡಿಮೆ. ಹಳೆಯ ತೋಟದಲ್ಲಿ ಆರಡಿ ಅಂತರದಲ್ಲಿ ನಿಂತ, ಹತ್ತಡಿ ಅಗಲದ ತಲೆಗಳುಳ್ಳ ಎರಡು ಕಂಗುಗಳ ಚೌಕಗಳು ನೂರಕ್ಕೆ 25 ಪಾಲು ಹೊಂದಿಕೊಳ್ಳುವುವು. ಮಿತಿಯು ನೂರಕ್ಕೆ 20 ಎಂದಿದ್ದರೆ ಒಂದು ಮರವು ಅಳಿಸಿಹೋಗುವುದು. 50 ಎಂದಿದ್ದರೆ ಎರಡೂ ಉಳಿಯುವುವು. ತೋಟವೂ ಅದೇ, ಚಿತ್ರವೂ ಅದೇ, ಲೆಕ್ಕ ಮಾತ್ರ ಬೇರೆ. ಗಣತಿಗೆ ಬಂದವರನ್ನು ಈ ಮಿತಿಯೆಷ್ಟೆಂದು ಕೇಳುವ ಹಕ್ಕು ತೋಟದ ಒಡೆಯರಿಗೆ ಉಂಟು.

ಮೇಲಿನಿಂದ ಕಾಣದ್ದನ್ನು ಯಾವ ಯಂತ್ರವೂ ಎಣಿಸಲಾರದು. ಕಂಗಿಗೆ ಹಬ್ಬಿದ ಕರಿಮೆಣಸು, ನೆರಳಿನ ಕೊಕ್ಕೋ, ಸಂದಿನ ಬಾಳೆ, ದೊಡ್ಡ ತೆಂಗಿನ ಅಡಿಯಲ್ಲಿ ನೆಟ್ಟ ಎರಡು ವರ್ಷದ ಸಸಿ, ಇವು ಲೆಕ್ಕದಿಂದ ಹೊರಗೆ. ಗೇರು, ಮಾವು, ಹಲಸು ಮೇಲಿನಿಂದ ಒಂದೇ ತೆರನಾದ ಹಸುರು ಗುಡ್ಡೆಗಳಾಗಿ ತೋರುವುದರಿಂದ ಒಂದು ಇನ್ನೊಂದಾಗಿ ಬರೆಯಲ್ಪಡುವ ಸಂಭವವು ಹೆಚ್ಚು.

ಒಟ್ಟು ಮೊತ್ತವು ಸರಿಯಾಗಿದ್ದರೆ ಎಲ್ಲವೂ ಸರಿಯೆಂಬ ವಾದವನ್ನು ಕೆಲವರು ಮಾಡುವರು. ಅದು ಒಪ್ಪತಕ್ಕುದಲ್ಲ. ಒಂದು ತೋಟದಲ್ಲಿ 100 ಮರಗಳಿವೆಯೆಂದೂ ಯಂತ್ರವು 95 ಗುರುತುಗಳನ್ನು ಹಾಕಿತೆಂದೂ ಭಾವಿಸೋಣ. ತಪ್ಪು ಐದೇ ಎಂದು ತೋರುವುದು. ಆದರೆ ಆ 95ರಲ್ಲಿ 90 ಮಾತ್ರ ನಿಜವಾದ ತೆಂಗುಗಳಾಗಿದ್ದು, 5 ಗುರುತುಗಳು ಈಚಲಿನ ಮೇಲೋ ನೆರಳಿನ ಮೇಲೋ ಬಿದ್ದಿದ್ದರೆ, ಬಿಟ್ಟುಹೋದ ಮರಗಳು ಹತ್ತು. ಊರಿನ ಸರಾಸರಿಯಲ್ಲಿ ಒಬ್ಬನ ಕೊರತೆಯು ಇನ್ನೊಬ್ಬನ ಹೆಚ್ಚಳದಿಂದ ಮುಚ್ಚಿಹೋಗುವುದು. ಪರಿಹಾರದ ಪಟ್ಟಿಯಲ್ಲಿ ಹಾಗೆ ಮುಚ್ಚಿಹೋಗದು. ಆದುದರಿಂದ ಬಿಟ್ಟುಹೋದವು ಎಷ್ಟು, ಇಲ್ಲದ್ದನ್ನು ಸೇರಿಸಿದ್ದು ಎಷ್ಟು ಎಂಬ ಎರಡು ಲೆಕ್ಕಗಳನ್ನೂ ಬೇರೆ ಬೇರೆಯಾಗಿ ಕೇಳತಕ್ಕದ್ದು.

ಊರಿನವರು ಮಾಡತಕ್ಕ ಕೆಲಸ

ಯಂತ್ರವು ಎಲ್ಲಿ ಕಲಿಯಿತೋ ಅಲ್ಲಿಯದನ್ನೇ ಚೆನ್ನಾಗಿ ಬಲ್ಲದು. ಬಯಲುಸೀಮೆಯ ಸಾಲುತೋಟದಲ್ಲಿ ಕಲಿತದ್ದು ಪಂಚಗಂಗಾವಳಿಯ ಕುದ್ರುಗಳಲ್ಲಿ ಅಡ್ಡಾದಿಡ್ಡಿಯಾಗಿ ಬೆಳೆದ ತೆಂಗುಗಳ ಮುಂದೆ ತಬ್ಬಿಬ್ಬಾಗುವುದು. ಶಾಂತ ಮಹಾಸಾಗರದ ಟೋಂಗಾ ದ್ವೀಪಗಳಲ್ಲಿ 2017ರಲ್ಲಿ ಕೊಲೊವಾಯಿ ಎಂಬ ಊರಿನ ಚಿತ್ರಗಳನ್ನು ಡ್ರೋನಿನಿಂದ ತೆಗೆದಿದ್ದರು. 2018ರಲ್ಲಿ ಗೀಟಾ ಚಂಡಮಾರುತವು ಆ ದ್ವೀಪಗಳನ್ನು ಬಡಿಯಿತು. ಅದೇ ವರ್ಷ ವಿಶ್ವ ಬ್ಯಾಂಕು ಮೊದಲಾದವರು ಆ ಚಿತ್ರಗಳಲ್ಲಿ ತೆಂಗು, ಬಾಳೆ, ಮಾವು, ಪಪ್ಪಾಯಿ ಮರಗಳನ್ನು ಎಣಿಸುವ ಸ್ಪರ್ಧೆಯನ್ನು ನಡೆಸಿದಾಗ, ಮೊದಲು ಸ್ವಯಂಸೇವಕರು ಕುಳಿತು ಮರಗಳನ್ನು ಕೈಯಿಂದಲೇ ಗುರುತಿಸಿಕೊಟ್ಟರು. ಆ ಮೇಲೆಯೇ ಯಂತ್ರಗಳಿಗೆ ಕೆಲಸವು ಸಾಧ್ಯವಾಯಿತು. ಇಲ್ಲಿಯೂ ಹಾಗೆಯೇ ಮಾಡಬೇಕು. ಪ್ರತಿಯೊಂದು ಗ್ರಾಮದಲ್ಲಿ ಮಜಲಿನ ಒಂದು ತೋಟ, ಬೆಟ್ಟಿನ ಒಂದು ಗೇರುಹಿತ್ತಲು, ಹೊಯಿಗೆ ನೆಲದ ಒಂದು ತೆಂಗಿನ ತೋಟ, ಹೀಗೆ ಎರಡು ಮೂರು ಮಾದರಿಗಳನ್ನು ಆರಿಸಿ, ಪ್ರತಿ ಮರವನ್ನೂ ಕೈಯಿಂದ ಎಣಿಸಿ, ನಕ್ಷೆಯಲ್ಲಿ ಗುರುತು ಹಾಕಿ ಕೊಡುವುದು ಮುಖಂಡರಿಗೆ ಅಸಾಧ್ಯವಾದ ಕೆಲಸವಲ್ಲ. ಈ ಮಾದರಿಗಳಲ್ಲಿ ಅರ್ಧವನ್ನು ಯಂತ್ರಕ್ಕೆ ಕಲಿಸಲು ಕೊಟ್ಟು, ಉಳಿದರ್ಧವನ್ನು ಕೊನೆಯಲ್ಲಿ ಪರೀಕ್ಷಿಸುವುದಕ್ಕಾಗಿ ಬೇರೆಯಿಡತಕ್ಕದ್ದು. ಕಲಿತ ಪಾಠದಲ್ಲಿಯೇ ಪರೀಕ್ಷೆಯನ್ನು ಕೊಟ್ಟರೆ ಎಲ್ಲರೂ ತೇರ್ಗಡೆಯಾಗುವರು. ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದವರ ಸಲಹೆಯನ್ನು ಈ ವಿಷಯದಲ್ಲಿ ಪಡೆಯುವುದು ಲೇಸು.

ಮನೆ ನಿವೇಶನಗಳ ಸಲುವಾಗಿ 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನು ಹಾರುವ ಮೊದಲು ಆಸ್ತಿಗಳ ಗಡಿಗೆ ಸುಣ್ಣದ ಗೆರೆಯನ್ನು ಎಳೆಯುವ ಕ್ರಮವುಂಟು. ಮನೆಗಳು ಒತ್ತಾಗಿರುವ ಬಯಲುಸೀಮೆಯ ಊರುಗಳಿಗೆ ಇದು ಸರಿಯಾಗಿ ಒಗ್ಗುವುದು. ಕರಾವಳಿಯಲ್ಲಿ ಮನೆಯೊಂದು ಇಲ್ಲಿ, ಇನ್ನೊಂದು ಗದ್ದೆಯ ಆಚೆಗೆ. ಎರಡರ ನಡುವೆ ತೋಟ, ತೋಡು, ಕುಮ್ಕಿ. ಗರಿಗಳ ಮರೆಯಲ್ಲಿ ಸುಣ್ಣದ ಗೆರೆಯೂ ಕಾಣದು, ಹಂಚಿನ ಮಾಡಿನ ಅರ್ಧವೂ ಕಾಣದು. ಆದುದರಿಂದ ಗೆರೆಯನ್ನು ಎಳೆಯುವ ದಿನ ಭೂಮಾಲಿಕರು ತಾವೇ ಹಾಜರಿದ್ದು, ಗಡಿಕಲ್ಲುಗಳ ಮೇಲಿನ ಬಳ್ಳಿ ಪೊದೆಗಳನ್ನು ಕಡಿಸಿ, ಮರೆಯಾದ ಮೂಲೆಗಳನ್ನು ಸರ್ವೆಯವರಿಗೆ ನೆಲದ ಮೇಲೆಯೇ ತೋರಿಸತಕ್ಕದ್ದು. ಮುಂಬಯಿಯಲ್ಲಿಯೋ ಪರದೇಶದಲ್ಲಿಯೋ ಇರುವ ಒಡೆಯರು ನಂಬಿಗಸ್ತರೊಬ್ಬರನ್ನು ಗೊತ್ತುಮಾಡಿ ಕಾಗದ ಕೊಟ್ಟಿರಬೇಕು. ಪಾಳುಬಿದ್ದ ಮನೆಯ ಗಡಿಯನ್ನು ಹೇಳುವವರಿಲ್ಲದೆ ತಪ್ಪಾಗುವುದು ಇಂಥಲ್ಲಿಯೇ.

ಬೆಳೆಯ ಸಂಗತಿಯಲ್ಲಿ, ಮೊಬೈಲಿನಿಂದ ನಡೆಯುವ ರಾಜ್ಯದ ಬೆಳೆ ಸಮೀಕ್ಷೆಯು ಡ್ರೋನಿನದಲ್ಲವಾದರೂ ಅದರ ದಾಖಲೆಯೇ ವಿಮೆಗೂ ಪರಿಹಾರಕ್ಕೂ ಆಧಾರ. ವಿಮೆ ಮಾಡಿಸಿದ ಬೆಳೆಯೂ ಸಮೀಕ್ಷೆಯಲ್ಲಿ ಬರೆದ ಬೆಳೆಯೂ ಹೊಂದದಿದ್ದರೆ ಹಣವು ಸಿಕ್ಕುವುದು ಕಷ್ಟ. ಕಂಗಿನ ಜೊತೆಯಲ್ಲಿ ಕರಿಮೆಣಸಿದ್ದರೆ ಅದನ್ನು ಮಿಶ್ರ ಬೆಳೆಯಾಗಿ ತಪ್ಪದೆ ಬರೆಯಿಸಬೇಕು. ಇದು ಯಾವ ಆಕಾಶದ ಚಿತ್ರಕ್ಕೂ ಸಿಕ್ಕದ ಸಂಗತಿ. ದಾಖಲಾದುದನ್ನು ನೋಡಲೂ ತಕರಾರು ಸಲ್ಲಿಸಲೂ ಬೆಳೆ ದರ್ಶಕ ಎಂಬ ಆ್ಯಪ್ ಇರುವುದು. ಅವಧಿಯು ಮುಗಿದ ಮೇಲೆ ಬಂದ ತಕರಾರಿಗೆ ಬಲವಿಲ್ಲ.

ಚಿತ್ರವನ್ನು ತೆಗೆಯುವ ಕಾಲದ ವಿಷಯದಲ್ಲಿಯೂ ಎಚ್ಚರಿಕೆಯು ಬೇಕು. ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯಲ್ಲಿ ಜೂನಿನಿಂದ ಸೆಪ್ಟೆಂಬರಿನ ತನಕ ಡ್ರೋನಿಗೆ ಬಿಡುವಾದ ದಿನಗಳು ವಿರಳ. ಆ ತಿಂಗಳುಗಳಲ್ಲಿ ಮುಳುಗಿದ ಗದ್ದೆಯನ್ನು ಮೋಡದ ಮೂಲಕ ಕಾಣಬಲ್ಲದ್ದು 2022ರ ಫೆಬ್ರವರಿಯಲ್ಲಿ ಹಾರಿಸಿದ ಇ. ಓ. ಎಸ್. 04ರಂಥ ರಾಡಾರ್ ಉಪಗ್ರಹಗಳು ಮಾತ್ರ, ಅವುಗಳಿಗಾದರೋ ಒಂದೊಂದು ಮರವನ್ನು ಬಿಡಿಸಿ ಎಣಿಸುವ ಸೂಕ್ಷ್ಮತೆಯಿಲ್ಲ. ಮರದ ಗಣತಿಗೆ ಡಿಸೆಂಬರಿನಿಂದ ಫೆಬ್ರವರಿಯ ತನಕ ಅನುಕೂಲವಾದ ಕಾಲ. ಬೆಳಗ್ಗೆ ಬೇಗನೆ ಹಾರಿಸಿದರೆ ಮರಗಳ ನೆರಳು ಉದ್ದವಾಗಿ ಬಿದ್ದು, ಯಂತ್ರವು ನೆರಳನ್ನೂ ಮರವೆಂದು ಬರೆಯಬಹುದು. ಮಧ್ಯಾಹ್ನ ಕಳೆದರೆ ಕಡಲ ಗಾಳಿಗೆ ಗರಿಗಳು ಅಲುಗಿ ಚಿತ್ರವು ಕದಡುವುದು. ಹತ್ತು ಗಂಟೆಯಿಂದ ಹನ್ನೆರಡು ಗಂಟೆಯೊಳಗೆ ಹಾರಾಟವನ್ನು ಮುಗಿಸುವಂತೆ ಗ್ರಾಮ ಪಂಚಾಯತಿನವರು ಮೊದಲೇ ತಿಳಿಸಿ, ಕೈಯಿಂದ ಎಣಿಸಿದ ಮಾದರಿ ತೋಟಗಳ ಪಟ್ಟಿಯ ಒಂದು ಪ್ರತಿಯನ್ನು ಪಂಚಾಯತಿನ ಕಚೇರಿಯಲ್ಲಿಯೇ ಇರಿಸಿಕೊಂಡಿರತಕ್ಕದ್ದು.